ಗಿರಣಿ ಗೋಡೆಯ ಮೇಲಿನ ಆಟದ ಸುದ್ದಿ

ನಲಿಂಬಾ ಶಾಲೆ
ಜುಲೈ ೧೯, ೨೦೧೯, ಶುಕ್ರವಾರ

ನನ್ನ ಪ್ರೀತಿಯ ಎನಿಫಾ,

ಕರ್ತನ ಸಮಾಧಾನ ನಿನ್ನ ಮನೆಯ ಮೇಲಿರಲಿ. ನೀನು, ನಿನ್ನ ಯಜಮಾನರು, ಮಗಳು ತಡಾಲಾ, ಬಂದವರ ಕಾಲಿಗೆಲ್ಲ ಕುಟುಕುವ ನಿನ್ನ ಆ ಬಿಳಿ ಬಾತುಕೋಳಿ, ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನೀವು ಚೆನ್ನಾಗಿದ್ದರೆ ನಾನೂ ಚೆನ್ನಾಗಿದ್ದೇನೆ.

ತಡವಾಯಿತು, ಕ್ಷಮಿಸು. ನೀನು ರೋದಾ ಅಕ್ಕನ ಕೈಲಿ ಹೇಳಿ ಕಳಿಸಿದ ಮಾತು ನನಗೆ ಹೋದ ತಿಂಗಳ ಕೊನೆಗೇ ಮುಟ್ಟಿತು. ಚರ್ಚಿನಲ್ಲಿ ನಮ್ಮ ಮ್ವಾನೋ ಮಹಿಳಾ ಸಂಘದ ಪ್ರಾರ್ಥನೆ ಮುಗಿದು ಎಲ್ಲರೂ ಚಾಪೆ ಸುತ್ತುತ್ತಿದ್ದಾಗ ಅಕ್ಕ ನನ್ನ ತೋಳು ಹಿಡಿದು ಪಕ್ಕಕ್ಕೆ ಕರಕೊಂಡು ಹೋದಳು. "ಡೊರಿಕಾ, ನಾನು ಬರೀ ಬಾಯಿ ಅಷ್ಟೆ, ಮಾತು ನನ್ನದಲ್ಲ. ನಿನ್ನ ಉದ್ದನೆ ಗೆಳತಿ ಹೀಗಂದ್ಲು. ಆ ಹುಡುಗಿ ತಾನು ಸರಿಯಾಗಿ ನೋಡ್ಲಿಲ್ಲ ಅಂತ ಬರೆದು ಅದೇ ಗಿರಣಿ ಗೋಡೆಗೆ ಅಂಟಿಸಲಿ. ಆವತ್ತೇ ನಾನು ಡೊರಿಕಾ ಅಂಗಳಕ್ಕೆ ಬರ್ತೀನಿ. ಅಲ್ಲೀವರೆಗೆ ಅವಳ ದಾರಿ ಅವಳಿಗೆ, ನನ್ನ ದಾರಿ ನನಗೆ," ಅಂದಳು. ಹೇಳಿ ಮುಗಿಸಿ ಆಕೆಯೇ ಬೆವರು ಒರೆಸಿಕೊಂಡಳು ನೋಡು, ಈ ಚಳಿಯಲ್ಲಿ.

ಅವತ್ತಿನಿಂದ ನಿನಗೆ ಉತ್ತರ ಬರೆಯಬೇಕು, ಬರೆಯಬೇಕು ಅಂತಲೇ ಇದ್ದೇನೆ. ಫೋನು ಮಾಡಿದರೆ ನಿನ್ನ ಫೋನು ಪಾಪ ಹಾಡಿ ಹಾಡಿ ತಾನೇ ಸುಮ್ಮನಾಗುತ್ತದೆ. ನೀನು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನನ್ನ ಹೆಸರು ನೋಡುತ್ತಾ ಕೂತಿರುತ್ತೀಯ ಅಂತ ನನಗೆ ಗೊತ್ತು. ಅದಕ್ಕೇ ಕಾಗದ. ಕಾಗದವನ್ನಾದರೆ ನೀನು ಓದದೆ ಬಿಡುವವಳಲ್ಲ. ಪಾದ್ರಿಗಳಿಗೆ ಬಂದ ಕಾಗದವನ್ನೇ ಬೆಳಕಿಗೆ ಹಿಡಿದು ಓದಲು ನೋಡಿದವಳು ನೀನು.

ಮೊದಲು ಊರ ಸುದ್ದಿ. ಚಿಪೆರೋನಿ ಜಡಿಮಳೆ ಹಿಡಿದುಕೊಂಡಿದೆ, ಬಟ್ಟೆ ಒಣಗುತ್ತಿಲ್ಲ, ಮಕ್ಕಳ ಮೂಗು ಒಣಗುತ್ತಿಲ್ಲ. ಜೋಳ ಕಣಜಕ್ಕೆ ಬಂತು, ಈ ಸಲ ದೇವರು ಕೈ ಬಿಗಿ ಹಿಡಿಯಲಿಲ್ಲ. ತೊಗರಿ ಗಿಡದಲ್ಲಿ ಕಾಯಿ ತುಂಬಿಕೊಂಡಿವೆ, ಸಂಜೆ ಹೊತ್ತು ಮನೆಮನೆಯಲ್ಲೂ ಬೇಯಿಸಿದ ತೊಗರಿಕಾಯಿಯ ವಾಸನೆ. ಹೆಡ್‌ಮಾಸ್ಟರ್ ನಮಲೊಂಬ ಅವರ ಕೆಮ್ಮು ಹಾಗೇ ಇದೆ. ಅಮ್ಮ ಹೋದ ಮೇಲೆ ನನ್ನ ಮನೆ ಇದ್ದಕ್ಕಿದ್ದಂತೆ ದೊಡ್ಡದಾಗಿದೆ. ನ್ಸಿಮಾ ಮುದ್ದೆಗೆ ಹಿಟ್ಟು ಹಾಕುವಾಗ ಕೈ ಈಗಲೂ ಇಬ್ಬರಿಗೆ ಆಗುವಷ್ಟೇ ಹಾಕುತ್ತದೆ. ಮಿಕ್ಕಿದ್ದನ್ನು ಕೋಳಿಗೆ ಹಾಕುತ್ತೇನೆ, ಕೋಳಿಗಳು ಚೆನ್ನಾಗಿ ದಪ್ಪಗಾಗಿವೆ.

ಈಗ ನಿನ್ನ ಮಾತಿಗೆ ಬರುತ್ತೇನೆ. ಆದರೆ ಎನಿಫಾ, ನೀನು ಅಂಕಣದ ಆ ಕಡೆ ನಿಂತಿದ್ದೆ, ನಾನು ಈ ಕಡೆ. ಈ ಆಟದ ಬರವಣಿಗೆ ನಮ್ಮ ಶಾಲೆಗೆ ಹೇಗೆ ಬಂತು ಅಂತ ನೀನು ನನ್ನ ಬಾಯಿಂದ ಕೇಳಲೇ ಇಲ್ಲ. ಬೇರೆಯವರ ಬಾಯಿಂದ ಕೇಳಿದ್ದೀಯ. ಕೇಳು.

ನನ್ನ ಏಳನೇ ಕ್ಲಾಸಿನ ಮಕ್ಕಳಿಗೆ ಬರೆಯಲು ಬರುತ್ತಿರಲಿಲ್ಲ. ಅಕ್ಷರ ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. 'ನನ್ನ ಹಳ್ಳಿ' ಅಂತ ಪ್ರಬಂಧ ಕೊಟ್ಟರೆ ಇಡೀ ಕ್ಲಾಸಿನದೂ ಒಂದೇ ಪ್ರಬಂಧ. ನನ್ನ ಹಳ್ಳಿ ಸುಂದರವಾಗಿದೆ, ಅಲ್ಲಿ ಮರಗಳಿವೆ, ಜನರು ಸಂತೋಷವಾಗಿದ್ದಾರೆ. ಯಾರ ಹಳ್ಳಿಯೋ ದೇವರಿಗೇ ಗೊತ್ತು. ಒಂದು ಸೋಮವಾರ ಬೋರ್‌ವೆಲ್ ಹತ್ತಿರ ಹೋದರೆ ಅದೇ ಮಕ್ಕಳು ಹಿಂದಿನ ದಿನದ ಫುಟ್‌ಬಾಲ್ ಬಗ್ಗೆ ಮಾತಾಡುತ್ತಿದ್ದಾರೆ. ಲೊಂಜೆಜೊ ಅನ್ನುವ ಹುಡುಗ ಖಾಲಿ ಬಕೆಟ್ ಹಿಡಕೊಂಡು ಗೋಲ್‌ಕೀಪರ್ ಆಗಿದ್ದಾನೆ, ಇನ್ನೊಬ್ಬಳು ಯಾರು ಎಲ್ಲಿ ಜಾರಿದರು, ಯಾರ ಚಡ್ಡಿ ಹರಿಯಿತು ಅಂತ ಬಿಡಿಸಿ ಬಿಡಿಸಿ ಹೇಳುತ್ತಿದ್ದಾಳೆ. ನನ್ನ ಕ್ಲಾಸಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುವ ಮಕ್ಕಳು! ನಾನು ಅಲ್ಲೇ ನಿಂತು, "ಸ್ವಾಮೀ, ನೀನು ನನಗೆ ಇದನ್ನು ಇಷ್ಟು ದಿನ ಯಾಕೆ ತೋರಿಸಲಿಲ್ಲ," ಅಂದೆ.

ಕ್ಲಾಸಿಗೆ ಬಂದವಳೇ ಹೇಳಿದೆ. "ಬೋರ್‌ವೆಲ್ ಹತ್ರ ಹೇಳ್ತಿದ್ರಲ್ಲ, ಅದನ್ನೇ ಬರೀರಿ."

"ಮೇಡಂ, ಅದು ಆಟ," ಅಂದ ಲೊಂಜೆಜೊ. "ಆಟಾನ ಬರೀತಾರಾ?"

"ರೇಡಿಯೋದಲ್ಲಿ ಹೇಳೋದು ಮತ್ತೇನು, ನಿಮ್ಮಜ್ಜಿ ಕಥೇನಾ? ಬರಿ."

ಹೆಡ್‌ಮಾಸ್ಟರಿಗೆ ಇದು ಹಿಡಿಸಲಿಲ್ಲ. "ಶ್ರೀಮತಿ ಡೊರಿಕಾ, ಪರೀಕ್ಷೆಯಲ್ಲಿ ಮಾವನಿಗೆ ಪತ್ರ ಬರೀರಿ ಅಂತ ಕೇಳ್ತಾರೆ. ಮಾವನ ಕಾಲಿಗೆ ಚೆಂಡು ಕೊಡಿ ಅಂತ ಕೇಳಲ್ಲ," ಅಂದರು. "ಸರ್, ಚೆಂಡಿನ ಬಗ್ಗೆ ನಾಲ್ಕು ಸಾಲು ನೆಟ್ಟಗೆ ಬರೆಯೋ ಮಗು ಮಾವನಿಗೂ ಬರೀತದೆ," ಅಂದೆ. ಕೆಮ್ಮಿಕೊಂಡು ಹೋದರು.

ಮೊದಲ ವರದಿಗಳನ್ನು ನೀನು ನೋಡಬೇಕಿತ್ತು ಕಣೇ. ನಮ್ಮ ಹುಡುಗರು ಐದು ಗೋಲಿನಿಂದ ಸೋತು ಬಂದಿದ್ದರು. ವರದಿ ಶುರುವಾಗಿದ್ದು ಹೇಗೆ? 'ಊರ ಮುಖಂಡರಿಗೆ ವಂದನೆಗಳು. ಪಾದ್ರಿಗಳಿಗೆ ವಂದನೆಗಳು. ಓದುವ ನೀವೆಲ್ಲ ಆರೋಗ್ಯವಾಗಿದ್ದೀರಿ ಎಂದು ನಂಬುತ್ತೇವೆ. ಈ ಕಡೆ ಮಳೆ ಕಡಿಮೆಯಾಗಿದೆ.' ಎರಡನೇ ಪುಟಕ್ಕೆ ಬಂದರೂ ಆಟ ಶುರುವಾಗಿಲ್ಲ. ಮೂರನೇ ಪುಟದ ಕೊನೆಗೆ ಏನು ಬರೆದಿದ್ದಾರೆ ಅಂದುಕೊಂಡೆ? 'ಶನಿವಾರ ನಮ್ಮ ತಂಡಕ್ಕೆ ಸ್ವಲ್ಪ ಹುಷಾರಿರಲಿಲ್ಲ.'

ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕೆ. ಆಮೇಲೆ ನಗು ನಿಂತಿತು. ಮಕ್ಕಳ ತಪ್ಪೇನು ಅದರಲ್ಲಿ? ಕೆಟ್ಟ ಸುದ್ದಿಯನ್ನು ನಾವು ಯಾವತ್ತು ಎದುರಿಗೆ ಇಟ್ಟಿದ್ದೇವೆ? ಸತ್ತವರ ಮನೆಯಿಂದ ಆಳು ಬಂದರೆ ಅವನು ಮೊದಲು ಕೂರಬೇಕು, ನೀರು ಕುಡಿಯಬೇಕು, ಮನೆಯವರ ಕ್ಷೇಮ ಕೇಳಬೇಕು. ಆಮೇಲೆ 'ನಿಮ್ಮಣ್ಣನಿಗೆ ಸ್ವಲ್ಪ ಹುಷಾರಿಲ್ಲ, ಬನ್ನಿ' ಅನ್ನಬೇಕು. ಆಗ ನಾವು ಎದ್ದು ಕಪ್ಪು ಬಟ್ಟೆ ಹುಡುಕುತ್ತೇವೆ. ಮಕ್ಕಳು ಕಂಡದ್ದನ್ನೇ ಕಲಿತಿದ್ದರು. ಸೋಲನ್ನು ಸಾವಿನ ಹಾಗೆ, ಮೆಲ್ಲಗೆ, ಸುತ್ತಿ ಬಳಸಿ ತಂದು ಇಟ್ಟಿದ್ದರು.

ಅದನ್ನು ಬಿಡಿಸುವುದಕ್ಕೆ ನನಗೆ ಇಡೀ ಒಂದು ಟರ್ಮ್ ಹಿಡಿಯಿತು. "ಗೆದ್ದವರು ಯಾರು, ಎಷ್ಟಕ್ಕೆ, ಮೊದಲ ಸಾಲಲ್ಲೇ ಬರಬೇಕು. ಯಾರೂ ಸತ್ತಿಲ್ಲ, ಚೆಂಡು ಆಡಿದ್ದಾರೆ ಅಷ್ಟೆ," ಅಂತ ದಿನಾ ಹೇಳಿದೆ. 'ದೇವರ ದಯೆಯಿಂದ ಚೆಂಡು ಒಳಗೆ ಹೋಯಿತು' ಅಂತ ಒಬ್ಬಳು ಬರೆದಳು. ದೇವರು ದಯಾಮಯನೇ, ಆದರೆ ಎಸೆದ ಹುಡುಗಿ ಯಾರು ಅಂತ ಕೇಳಿದೆ. 'ನಮ್ಮವರು ಸಿಂಹದಂತೆ ಆಡಿದರು' ಅಂತ ಲೊಂಜೆಜೊ ಬರೆದ. ಸಿಂಹ ನೆಟ್‌ಬಾಲ್ ಆಡಿದ್ದನ್ನು ನೀನು ಎಲ್ಲಿ ನೋಡಿದೆಯಪ್ಪಾ ಅಂದೆ. ಕಂಡದ್ದು ಬರೆ, ಅನಿಸಿದ್ದು ಬೇಡ. ಇಷ್ಟೇ ನನ್ನ ಪಾಠ. ನಾನು ಓದಿದ್ದೂ ನಿನ್ನ ಜೊತೆ ಅದೇ ಮಣ್ಣಿನ ಗೋಡೆಯ ಶಾಲೆಯಲ್ಲಿ, ನನಗೆ ಅದಕ್ಕಿಂತ ದೊಡ್ಡ ವಿದ್ಯೆ ಗೊತ್ತಿಲ್ಲ.

ಚೆನ್ನಾಗಿ ಬಂದ ವರದಿಗಳನ್ನು ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಸುವುದು ಮಕ್ಕಳದೇ ಉಪಾಯ. ಎರಡೂ ಊರಿನ ಹೆಂಗಸರು ಅಲ್ಲಿ ಸರತಿಯಲ್ಲಿ ಗಂಟೆಗಟ್ಟಲೆ ಕೂರುತ್ತಾರಲ್ಲ. ಓದು ಬಂದವರು ಬರದವರಿಗೆ ಕೂಗಿ ಓದುತ್ತಿದ್ದರು. "ಏಯ್, ಮುಂದಿನ ಸಾಲು ಓದೇ, ನನ್ನ ಮಗನ ಹೆಸರು ಬಂತಾ?" ಅಂತ ಗಿರಣಿ ಸದ್ದನ್ನೂ ಮೀರಿಸಿ ಕೂಗುತ್ತಿದ್ದರು. ತನ್ನ ಹೆಸರು ಗೋಡೆಯಲ್ಲಿ ಇದೆ ಅಂತ ಒಬ್ಬ ಹುಡುಗ ದಿನಾ ಹಿಟ್ಟು ಬೀಸಿಸಲು ತಾನೇ ಹೊರಡುತ್ತಿದ್ದನಂತೆ. ಅವನ ಅಮ್ಮ ನನಗೆ ಕೈ ಮುಗಿದಳು.

ಇನ್ನು ಅಲಿನಾಫೆ. ನಿನ್ನ ಜಗಳ ಇರುವುದು ಇವಳ ಜೊತೆ, ಆದ್ದರಿಂದ ಇವಳು ಯಾರು ಅಂತ ನಿನಗೆ ಗೊತ್ತಿರಬೇಕು. ಗಿಡ್ಡ ಹುಡುಗಿ, ಚಿಕ್ಕಮ್ಮನ ಮನೆಯಲ್ಲಿ ಬೆಳೆಯುತ್ತಿದ್ದಾಳೆ, ಕ್ಲಾಸಿನಲ್ಲಿ ಬಾಯಿ ಬಿಟ್ಟದ್ದೇ ಅಪರೂಪ. ಜನರ ಹಿಂದೆ ನಿಂತರೆ ಇವಳಿಗೆ ಅಂಕಣವೇ ಕಾಣುವುದಿಲ್ಲ. ನಾನು ಒಬ್ಬೊಬ್ಬರಿಗೆ ನೋಡಲು ಒಂದೊಂದು ಜಾಗ ಹಂಚುತ್ತಿದ್ದೆ. ಚೆಂಡನ್ನು ಎಲ್ಲರೂ ನೋಡುತ್ತಾರೆ, ನೀನು ಕಾಲುಗಳನ್ನು ನೋಡು, ನೀನು ಎಸೆಯುವವಳ ಕೈ ನೋಡು, ನೀನು ಜನರನ್ನು ನೋಡು ಅಂತ. ಅಲಿನಾಫೆಗೆ ಹೇಳಿದೆ, "ನೀನು ಗೆರೆ ಪಕ್ಕ ಕೂತ್ಕೊಂಡು ಕಲಿಸೋ ಟೀಚರುಗಳನ್ನ ನೋಡು. ಅವರೇನು ಮಾಡ್ತಾರೆ ಅಂತ ಬರಿ." ನಾನು ನಿನ್ನ ಕೂಗಾಟ, ಕುಣಿದಾಟ ಬರುತ್ತೆ ಅಂದುಕೊಂಡಿದ್ದೆ. ನಿನ್ನ ಕುಣಿತ ಗೋಡೆಗೆ ಬಂದರೆ ನಾವಿಬ್ಬರೂ ಗಿರಣಿಯಲ್ಲಿ ಕೂತು ನಗಬಹುದು ಅಂತ ನನ್ನ ಆಸೆ.

ಆ ಶನಿವಾರ ನೆನಪಿದೆ ತಾನೆ. ನೆಟ್‌ಬಾಲ್ ಪಂದ್ಯ, ನೀನು ಆಟ ಕಲಿಸುವ ಕುಂಬುಲಿ ಹುಡುಗಿಯರು, ನಮ್ಮ ನಲಿಂಬಾ ಹುಡುಗಿಯರು. ಗೆದ್ದವರಿಗೆ ಹೊಸ ಚೆಂಡು, ಹಳದಿ ಉಡುಪು. ಅಮ್ಮ ಊರುಗೋಲು ಹಿಡಕೊಂಡು ಬಂದು ಮಾವಿನ ಮರದ ಕೆಳಗೆ ಕೂತಿದ್ದಳು. ನಿನ್ನ ಕಡೆಗೆ ಗೋಲಾದಾಗಲೆಲ್ಲ ಉಲುಲು ಅಂತ ಹರ್ಷದ ಕೂಗು ಹಾಕುತ್ತಿದ್ದಳು, ನಾಲಿಗೆ ಸವೆಯುವ ಹಾಗೆ. "ಅಮ್ಮಾ, ನಿನ್ನ ಮಗಳು ಈ ಕಡೆ ಇದ್ದಾಳೆ," ಅಂದೆ. "ನನ್ನ ಉದ್ದನೆ ಮಗಳು ಆ ಕಡೆ ಇದ್ದಾಳೆ. ನೀನು ದಿನಾ ಸಿಕ್ತೀಯ," ಅಂದಳು. ಸುತ್ತಲಿದ್ದವರೆಲ್ಲ ನಕ್ಕರು. ನೀನು ಅಂಕಣದ ಆ ಕಡೆಯಿಂದ ಚಿತೆಂಜೆ ಬಟ್ಟೆ ಬೀಸಿದೆ. ಅದು ನಾನು ನಿನ್ನ ನಗು ನೋಡಿದ ಕೊನೆಯ ದಿನ.

ಹೊತ್ತು ನೋಡುವವನು ಬರಲಿಲ್ಲ. ಗಡಿಯಾರವನ್ನು ಯಾರ ಕೈಗೆ ಕೊಡುವುದು ಅಂತ ಮಾತು ಬಂದಾಗ, "ಎನಿಫಾ ಕೈಗೆ ಕೊಡಿ, ಅವಳು ಮ್ವಾನೋ ಉಡುಪು ಹಾಕೋ ಹೆಂಗಸು," ಅಂದವಳು ನಾನೇ. ಹೆಡ್‌ಮಾಸ್ಟರು ತಮ್ಮ ಗಡಿಯಾರ ಬಿಚ್ಚಿಕೊಟ್ಟರು. ಎರಡೂ ಕಡೆ ಸಮ ಸಮ ಬಂದಿತ್ತು. ಕೊನೆಗೆ ನಿಮ್ಮ ಹುಡುಗಿ ಎಸೆದಳು, ಚೆಂಡು ಬಳೆಯ ಅಂಚಿನ ಮೇಲೆ ಸುತ್ತಿ ಒಳಗೆ ಬಿತ್ತು, ಹೊತ್ತಾಯಿತು ಅಂತ ನೀನು ಕೈ ಎತ್ತಿದೆ, ಆಟ ಮುಗಿಯಿತು. ನಮ್ಮ ಹುಡುಗಿಯರು ಅತ್ತರು. ನಾನು ಬಂದು ನಿನ್ನನ್ನು ತಬ್ಬಿಕೊಂಡೆ. ನಿನ್ನ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಗೆದ್ದ ಸಂತೋಷಕ್ಕೆ ಅಂದುಕೊಂಡೆ.

ಸೋಮವಾರ ಅಲಿನಾಫೆ ತನ್ನ ಹಾಳೆ ತಂದು ಮೇಜಿನ ಮೇಲೆ ಇಟ್ಟಳು. ನಿನಗೆ ಬೇರೆಯವರು ಬಣ್ಣ ಹಚ್ಚಿ ಹೇಳಿರುತ್ತಾರೆ. ಅವಳು ಬರೆದದ್ದು ಇಷ್ಟೆ:

'ಕುಂಬುಲಿ ಶಾಲೆ ಒಂದು ಗೋಲಿನಿಂದ ಗೆದ್ದಿತು. ನಾನು ಕಲಿಸುವವರನ್ನು ನೋಡಿದೆ. ತಡಾಲಾ ಅವರ ತಾಯಿಯವರು ಗಡಿಯಾರ ನೋಡಿದರು. ಅವರು ಕೈ ಎತ್ತಲು ಹೋದರು. ಆಗ ಚೆಂಡು ಅವರ ಹುಡುಗಿಯ ಕೈಗೆ ಬಂತು. ಅವರು ಗಡಿಯಾರ ಇದ್ದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಚೆಂಡು ಒಳಗೆ ಹೋಯಿತು. ಅವರು ಗಡಿಯಾರ ನೋಡದೆ ಕೈ ಎತ್ತಿದರು.'

ಎನಿಫಾ, ಅದರಲ್ಲಿ ಒಂದು ಬೈಗುಳ ಇದೆಯಾ? ಒಂದು 'ಮೋಸ' ಅನ್ನುವ ಮಾತಿದೆಯಾ? ನಿನ್ನ ಹೆಸರು ಹಿಡಿದು ಕೂಡ ಬರೆಯಲಿಲ್ಲ ಆ ಮಗು, ತಡಾಲಾ ಅವರ ತಾಯಿಯವರು ಅಂತ ಮರ್ಯಾದೆಯಿಂದ ಬರೆದಿದೆ. ನಾನು ಕೇಳಿದೆ, "ಇದು ನೀನು ಕಂಡಿದ್ದಾ, ಅನಿಸಿದ್ದಾ?"

"ಕಂಡಿದ್ದು, ಮೇಡಂ."

"ಹಾಗಾದರೆ ಅವರು ಯಾಕೆ ಹಾಗೆ ಮಾಡಿದ್ರು?"

"ಅದು ಕಾಣ್ಲಿಲ್ಲ, ಮೇಡಂ."

ನಾನು ಕೇಳಿದ್ದನ್ನೇ ಆ ಹುಡುಗಿ ತಂದು ಕೊಟ್ಟಿದ್ದಳು. ಆ ದಿನ ಅದನ್ನು ಅಂಟಿಸಲಿಲ್ಲ. ನಿನ್ನ ಹತ್ತಿರ ಬಂದೆ, ನೆನಪಿದೆಯಾ? ಹಳ್ಳದ ಮರದ ಸೇತುವೆ ದಾಟಿ, ಒಂದು ಗೊಂಚಲು ಬಾಳೆಹಣ್ಣು ಹಿಡಕೊಂಡು ಬಂದೆ. "ಎನಿಫಾ, ಹುಡುಗಿ ಹೀಗೆ ಬರೆದಿದ್ದಾಳೆ, ನೀನು ಏನಂತೀಯ, ನಿನ್ನ ಮಾತೂ ಬರೆದು ಅದರ ಪಕ್ಕ ಹಾಕೋಣ," ಅಂದೆ. ನೀನು, "ಗಡಿಯಾರ ನಿಂತಿತ್ತು," ಅಂದೆ. ನಿಂತಿರಲಿಲ್ಲ ಕಣೇ. ಹೆಡ್‌ಮಾಸ್ಟರು ಅದೇ ಗಡಿಯಾರ ನೋಡಿಕೊಂಡು ಈಗಲೂ ತಡವಾಗಿ ಬಂದವರನ್ನು ಗೇಟಿನಲ್ಲಿ ನಿಲ್ಲಿಸುತ್ತಾರೆ. "ಒಂದು ಮಗು ಹೇಳ್ತು ಅಂತ ನನ್ನ ಅಂಗಳಕ್ಕೆ ಬಂದ್ಯಾ?" ಅಂದೆ ನೀನು. ಬಾಳೆಹಣ್ಣನ್ನೂ ವಾಪಸ್ಸು ನನ್ನ ಕೈಗೇ ಕೊಟ್ಟುಬಿಟ್ಟೆ. ಅದನ್ನು ಹಿಡಕೊಂಡು ಮತ್ತೆ ಸೇತುವೆ ದಾಟುವಾಗ ನನಗೆ ಎಷ್ಟು ನಾಚಿಕೆಯಾಯಿತು ಅಂತ ಹೇಳಲಾರೆ.

ಮಾರನೇ ದಿನ ಎಲ್ಲ ಮಕ್ಕಳ ವರದಿಯ ಜೊತೆ ಅವಳದ್ದೂ ಗೋಡೆಗೆ ಹೋಯಿತು. ಲೊಂಜೆಜೊ ಬರೆದ ಅಜ್ಜಿಯರ ಉಲುಲು ಹೋಗಬಹುದು, ಇನ್ನೊಬ್ಬಳು ಬರೆದ ಜಾರಿದ ಕಾಲು ಹೋಗಬಹುದು, ಇವಳು ಬರೆದದ್ದು ಮಾತ್ರ ಹೋಗಬಾರದು ಅಂತ ಯಾವ ಬಾಯಲ್ಲಿ ಹೇಳಲಿ? ನನ್ನ ಗೆಳತಿಯ ವಿಷಯ ಬಂದಾಗ ಕಂಡದ್ದು ಬರೆಯಬೇಡ ಅನ್ನಲೇ? ಮಂಡಿಯೂರಿ ಪ್ರಾರ್ಥಿಸಿದೆ. ಬೇರೆ ಉತ್ತರ ಬರಲಿಲ್ಲ.

ಆಮೇಲೆ ಆದದ್ದು ಕೆಟ್ಟದಾಯಿತು, ಅದನ್ನು ಒಪ್ಪುತ್ತೇನೆ. ಗಿರಣಿಯ ಹೆಂಗಸರಿಗೆ ಹೊಸ ಹಾಡು ಸಿಕ್ಕಿತು. ಸಂತೆಯಲ್ಲಿ ನಿನ್ನನ್ನು ಕಂಡು ಮಕ್ಕಳು ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ನಡೆದರಂತೆ. ಅದು ನನ್ನ ಕಿವಿಗೆ ಬಿದ್ದ ದಿನವೇ ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸಿ ಹೇಳಿದೆ. "ವರದಿ ಮಾಡೋದು ಬೇರೆ, ಅಣಕಿಸೋದು ಬೇರೆ. ಇನ್ನೊಮ್ಮೆ ಯಾರಾದರೂ ಕೈ ಹಿಂದೆ ಇಟ್ಟಿದ್ದು ಕಂಡರೆ ಅದೇ ಕೈಯಲ್ಲಿ ಪಾಯಿಖಾನೆ ತೊಳೆಸ್ತೀನಿ." ಒಬ್ಬ ತೊಳೆದ. ಆಮೇಲೆ ನಿಂತಿತು. ಹಾಡು ನಿಲ್ಲಿಸಲು ನನಗೆ ಆಗಲಿಲ್ಲ. ಆ ಹೆಂಗಸರಿಗೆ ಪಾದ್ರಿಗಳೂ ಹೆದರುತ್ತಾರೆ.

ನೀನು ಯಾಕೆ ಹಾಗೆ ಮಾಡಿದೆ ಅನ್ನುವುದು ಅಲಿನಾಫೆಗೆ ಕಾಣಲಿಲ್ಲ, ನನಗೆ ಕಾಣುತ್ತದೆ. ನಿಮ್ಮ ಹುಡುಗಿಯರು ಪ್ಲಾಸ್ಟಿಕ್ ಚೀಲ ಸುತ್ತಿ ಹಗ್ಗ ಬಿಗಿದ ಚೆಂಡಿನಲ್ಲಿ ಆಡುತ್ತಾರೆ. ನಾವಿಬ್ಬರೂ ಅಂಥದೇ ಚೆಂಡಿನಲ್ಲಿ ಆಡಿದವರು. ಅದು ನೆಲಕ್ಕೆ ಬಿದ್ದರೆ ಪುಟಿಯುವುದಿಲ್ಲ, ಸತ್ತ ಕೋಳಿಯ ಹಾಗೆ ಬಿದ್ದುಕೊಳ್ಳುತ್ತದೆ ಅಂತ ನೀನು ಅಳುತ್ತಿದ್ದೆ. ಹೊಸ ಚೆಂಡು ಕಣ್ಣೆದುರಿಗೆ ಇತ್ತು, ನಿನ್ನ ಹುಡುಗಿಯ ಕೈಗೆ ಚೆಂಡು ಬಂತು, ನಿನ್ನ ಕೈ ತಾನೇ ಹಿಂದಕ್ಕೆ ಹೋಯಿತು. ಅಷ್ಟೇ ತಾನೆ? ಅಷ್ಟನ್ನು ನನ್ನ ಹತ್ತಿರ ಹೇಳಬಾರದಿತ್ತೇ? ನಾನು ನಗುತ್ತಿದ್ದೆ, ಆಮೇಲೆ ಬೈಯುತ್ತಿದ್ದೆ, ಆಮೇಲೆ ಇಬ್ಬರೂ ತೊಗರಿಕಾಯಿ ತಿನ್ನುತ್ತಿದ್ದೆವು.

ಈಗ ಮುಖ್ಯ ಸಂಗತಿ. ರೋದಾ ಅಕ್ಕನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವಲ್ಲ. ನೀನು ಕೇಳಿದ್ದು ಅಲಿನಾಫೆಯ ಕಿವಿಗೂ ಬಿತ್ತು. ಹೋದ ಬುಧವಾರ ಸಂಜೆ ನಾನು ಅಡಿಗೆಮನೆಯಲ್ಲಿ ನ್ಸಿಮಾ ತಿರುವುತ್ತಿದ್ದೆ, ಹುಡುಗಿ ಬಂದು ಹೊಸ್ತಿಲಲ್ಲಿ ಮಂಡಿಯೂರಿ ಕೂತಳು. ಕೈಯಲ್ಲಿ ಒಂದು ಹಾಳೆ.

"ಏನೇ ಇದು?"

"ಮೇಡಂ, ನೀವು ಒಬ್ಬರೇ ಊಟ ಮಾಡ್ತೀರಂತೆ. ಚಿಕ್ಕಮ್ಮ ಹೇಳಿದ್ರು, ಮೇಡಂಗೆ ಇದ್ದಿದ್ದೇ ಒಬ್ಬಳು ಗೆಳತಿ, ಅದೂ ನಿನ್ನಿಂದ ಹೋಯ್ತು ಅಂತ. ನಾನು ಬರೆದಿದ್ದೀನಿ. ನೀವು ಅಂಟಿಸಿಬಿಡಿ."

ಬೆಂಕಿ ಬೆಳಕಿಗೆ ಹಿಡಿದು ಓದಿದೆ. 'ನಲಿಂಬಾದ ಮುಖಂಡರಿಗೆ ವಂದನೆಗಳು. ಕುಂಬುಲಿಯ ಮುಖಂಡರಿಗೆ ವಂದನೆಗಳು. ಪಾದ್ರಿಗಳಿಗೆ ವಂದನೆಗಳು. ನೀವೆಲ್ಲ ಆರೋಗ್ಯವಾಗಿದ್ದೀರಿ ಎಂದು ನಂಬುತ್ತೇನೆ. ಈ ಕಡೆ ಚಳಿ ಹೆಚ್ಚಾಗಿದೆ.' ಹೀಗೇ ಹೋಗುತ್ತದೆ, ಪುಟ ತುಂಬ. ಕೊನೆಯ ಸಾಲು: 'ಆ ಶನಿವಾರ ನನ್ನ ಕಣ್ಣಿಗೆ ಸ್ವಲ್ಪ ಹುಷಾರಿರಲಿಲ್ಲ.'

ಎನಿಫಾ, ಆ ಸಾಲು ಓದಿ ನನಗೆ ಎಷ್ಟು ಹೊಟ್ಟೆ ಉರಿಯಿತು ಅಂದರೆ ನ್ಸಿಮಾ ತಳ ಹತ್ತಿದ್ದೇ ಗೊತ್ತಾಗಲಿಲ್ಲ. ಒಂದು ವರ್ಷ ಕಷ್ಟಪಟ್ಟು ಆ ಮಗುವಿನ ಕಣ್ಣು ತೆರೆಸಿದ್ದೆ. ಈಗ ಅದು ನನ್ನ ಮೇಲಿನ ಪ್ರೀತಿಗೆ ತನ್ನ ಕಣ್ಣು ತಾನೇ ಮುಚ್ಚಿಕೊಂಡು ಬಂದಿತ್ತು. ಅವಳ ಮುಖ ನೋಡಿದೆ. ಅಳುತ್ತಿರಲಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಬೆಳೆದ ಮಕ್ಕಳು ಅಷ್ಟು ಸುಲಭಕ್ಕೆ ಅಳುವುದಿಲ್ಲ.

"ಇದು ಕಂಡಿದ್ದಾ, ಅನಿಸಿದ್ದಾ?" ಅಂದೆ.

"ಎರಡೂ ಅಲ್ಲ, ಮೇಡಂ. ಬೇಕಾಗಿದ್ದು."

ಹಾಳೆಯನ್ನು ಮಡಚಿ ಒಲೆಗೆ ಹಾಕಿದೆ. "ಕೈ ತೊಳಕೋ, ತಳ ಹತ್ತಿದ್ದರೂ ಪರವಾಗಿಲ್ಲ, ಇಬ್ಬರಿಗೂ ಆಗುತ್ತೆ," ಅಂದೆ. ಒಣಮೀನು ಇತ್ತು. ಚೆನ್ನಾಗಿ ತಿಂದಳು. ಕೋಳಿಗಳಿಗೆ ಅವತ್ತು ಏನೂ ಮಿಗಲಿಲ್ಲ.

ಆದ್ದರಿಂದ ನಿನ್ನ ಮಾತಿಗೆ ನನ್ನ ಉತ್ತರ ಇದು. ಇಲ್ಲ. ಅಲಿನಾಫೆ ಏನನ್ನೂ ಬರೆಯುವುದಿಲ್ಲ, ನಾನು ಬರೆಸುವುದಿಲ್ಲ. ನೀನು ನನ್ನ ಹತ್ತಿರ ಬೇರೆ ಏನು ಬೇಕಾದರೂ ಕೇಳು. ನನ್ನ ದಪ್ಪ ಕೋಳಿ ಕೇಳು, ನಾನು ಬಂದು ನಿನ್ನ ಹೊಲ ಅಗೆಯಲೇ ಅಂತ ಕೇಳು, ಚರ್ಚಿನಲ್ಲಿ ಎಲ್ಲರೆದುರಿಗೆ ನಿನ್ನ ಕಾಲು ಹಿಡಿ ಅನ್ನು, ಹಿಡಿಯುತ್ತೇನೆ. ಒಂದು ಮಗುವಿನ ಕಣ್ಣನ್ನು ಮಾತ್ರ ಕೇಳಬೇಡ. ಅದು ನನ್ನದಲ್ಲ, ಕೊಡುವುದಕ್ಕೆ.

ಗೋಡೆಯಲ್ಲಿ ಅವಳ ಹಾಳೆಯ ಪಕ್ಕ ಜಾಗ ಬಿಟ್ಟಿದ್ದೇನೆ. ಬೇರೆ ಮಕ್ಕಳು ಅಲ್ಲಿ ಅಂಟಿಸಲು ಬಂದರೆ ಬಿಡುತ್ತಿಲ್ಲ. ನೀನು ಬರೆ. ಅವಳು ತಪ್ಪು ಅಂತ ಬೇಕಾದರೂ ಬರೆ, ಡೊರಿಕಾ ಗೆಳತಿಯೇ ಅಲ್ಲ ಅಂತ ಬೇಕಾದರೂ ಬರೆ. ಒಂದಕ್ಷರ ತಿದ್ದದೆ ಅಂಟಿಸುತ್ತೇನೆ. ಗೆದ್ದ ಚೆಂಡು ನಿನ್ನ ಹುಡುಗಿಯರ ಹತ್ತಿರವೇ ಇರಲಿ, ಅದರ ಮಾತೇ ನಮ್ಮಲ್ಲಿ ಬೇಡ. ಹೊಸ ಚೆಂಡಿಗೆ ಕಾಲ ಕಾಲಕ್ಕೆ ಗಾಳಿ ಹಾಕಿಸು, ಬಿಸಿಲಲ್ಲಿ ಬಿಡಬೇಡ.

ಕತ್ತಲಾಗುತ್ತಿದೆ, ನಾಳೆ ಬಾಡಿಗೆ ಸೈಕಲ್ಲಿನ ಕಬಾಜಾದವನು ಕುಂಬುಲಿ ಕಡೆ ಹೋಗುತ್ತಾನೆ, ಅವನ ಕೈಲಿ ಕಳಿಸುತ್ತೇನೆ. ನಿನ್ನ ಮನೆಯ ಒಲೆ ಆರದಿರಲಿ. ತಡಾಲಾಗೆ ಒಳ್ಳೆ ಗಂಡು ಸಿಗಲಿ, ನಿನ್ನ ಹಾಗೆ ಹಟ ಇಲ್ಲದವನು. ನಿನ್ನ ಯಜಮಾನರ ಮೊಣಕಾಲಿನ ನೋವಿಗೆ ದೇವರು ತನ್ನ ಕೈ ಇಡಲಿ. ನಿನ್ನ ಹುಡುಗಿಯರ ಎಸೆತ ನೆಟ್ಟಗೆ ಬೀಳಲಿ. ನಾನು ದಿನಾ ಪ್ರಾರ್ಥನೆಯಲ್ಲಿ ನಿನ್ನ ಹೆಸರು ಹೇಳುತ್ತೇನೆ, ಕೋಪ ಬಂದ ದಿನವೂ.

ನಿನ್ನ ಗಿಡ್ಡ ಗೆಳತಿ,
ಡೊರಿಕಾ

ತಾ.ಕ.: ಕಾಗದ ಮಡಚಿ ಇಟ್ಟಿದ್ದೆ. ಮತ್ತೆ ಬಿಡಿಸಿದೆ. ಮಕ್ಕಳಿಗೆ ನೇರ ಬರೆಯಿರಿ ಅಂತ ಹೇಳಿಕೊಟ್ಟು ನಾನೇ ಇಷ್ಟುದ್ದ ಬರೆದು ಒಂದು ಮಾತು ಬಿಟ್ಟಿದ್ದೇನೆ.

ಗಡಿಯಾರಕ್ಕೆ ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ನೀನು ಅಮ್ಮನ ಮಣ್ಣಿಗೆ ಬರಲಿಲ್ಲ.

ಬೆಳಗಾಗುತ್ತಲೇ ನಾನು ಆಳು ಕಳಿಸಿದ್ದು ಮೊದಲು ನಿನ್ನ ಹತ್ತಿರ. ಬ್ಲಾಂಟೈರಿನ ತಮ್ಮನಿಗೂ ಆಮೇಲೆ. ಆಳು ವಾಪಸ್ಸು ಬಂದು, "ಹೇಳಿದೆ, ತೊಗರಿ ಸುಲೀತಾ ಕೂತಿದ್ರು, ಹೂಂ ಅಂದ್ರು," ಅಂದ. ಹೂಂ ಅಂದಳಲ್ಲ, ಬರುತ್ತಾಳೆ ಅಂದುಕೊಂಡೆ. ಅಮ್ಮ ಮಲಗಿದಲ್ಲಿಂದಲೇ ಹೇಳಿದ್ದಳು, ನನ್ನ ಉದ್ದನೆ ಮಗಳು ನನಗೆ ಕೊನೆ ನೀರು ಹಾಕಲಿ ಅಂತ. ಹೆಂಗಸರು ನೀರು ಕಾಯಿಸಿದರು. ತಣ್ಣಗಾಯಿತು. ಮತ್ತೆ ಕಾಯಿಸಿದರು. "ಇನ್ನು ಆಗಲ್ಲ ಡೊರಿಕಾ," ಅಂತ ರೋದಾ ಅಕ್ಕನೇ ಬಟ್ಟೆ ಎತ್ತಿಕಟ್ಟಿ ಒಳಗೆ ಹೋದಳು. ಪಾದ್ರಿಗಳು ಹೊರಡೋಣ ಅಂದರು, ಒಬ್ಬರು ಬರುವುದಿದೆ ಅಂದೆ. ಮತ್ತೆ ಕೇಳಿದರು, ಮತ್ತೆ ಅದನ್ನೇ ಅಂದೆ. ಯಾರು ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಸುಮ್ಮನೆ ಹಳ್ಳದ ಕಡೆ ನೋಡಿದರು.

ನಿನ್ನನ್ನು ಯಾರಾದರೂ ಆ ದಿನ ಅಣಕಿಸಿಯಾರು ಅಂತ ಹೆದರಿದೆಯಾ? ನಾನು ಇರುವಾಗ?

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಅಲಿನಾಫೆ ಕೂಡ ಹಾಕಿದಳು. ನಿನ್ನ ಪಾಲಿನದು ಹಾಗೇ ಉಳಿದಿದೆ, ಎನಿಫಾ. ಗೋಡೆಗೆ ಬರೆಯಬೇಡ ಬೇಕಾದರೆ, ನನ್ನ ಜೊತೆ ಮಾತಾಡಬೇಡ ಬೇಕಾದರೆ. ನಾನು ಸ್ಕೂಲಿಗೆ ಹೋದ ಹೊತ್ತಿಗೆ ಬಾ, ಹಿಂದಿನ ದಾರಿಯಿಂದ ಬಾ. ಈ ಜಡಿಮಳೆಗೆ ಗೋರಿಯ ಮಣ್ಣು ಇನ್ನೂ ಕೂತಿಲ್ಲ.